ಬೆನ್ನು ತೋರಿಸಿ ಬೀಳುವವನ ಹೆಂಡತಿ

ಕುಣಿಗಲ್ಲಿನ ಕೆರೆ ಏರಿಯ ಕೆಳಗೆ ಟೆಂಟು ಸಿನಿಮಾ ಇದ್ದ ಕಾಲದಲ್ಲಿ, ಫೈಟಿಂಗ್ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದದ್ದು ಗಂಡಸರಲ್ಲ, ಹೆಂಗಸರ ಬೆಂಚಿನ ಮೂಲೆಯಲ್ಲಿ ಬುರ್ಖಾದ ಮುಸುಕು ಮೇಲೆತ್ತಿ ಕೂರುತ್ತಿದ್ದ ಜಮಾಲುನ್ನೀಸಾ. ಆಕೆ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದರೆ ಹೊಡೆದಾಟ ಚೆನ್ನಾಗಿದೆ ಎಂದು ಅರ್ಥ. ತಿನ್ನುತ್ತಲೇ ಇದ್ದರೆ, ಹೀರೋ ಒಂದು ಊರನ್ನೇ ಕೆಡವಿದರೂ ದಂಡ.

ಅದಕ್ಕೆ ಕಾರಣವಿತ್ತು. ಆಕೆಯ ಗಂಡ ಮನ್ಸೂರ್ ಅಲಿ ಮದರಾಸಿನಲ್ಲಿ ಹೀರೋಗಳ ಕೈಲಿ ಏಟು ತಿನ್ನುವ ಕೆಲಸದಲ್ಲಿದ್ದ. ಮೊದಲು ಊರಿನ ಸ್ಟಡ್ ಫಾರಂನಲ್ಲಿ ಮರಿಗುದುರೆ ಪಳಗಿಸುತ್ತಿದ್ದವನು. ಅವನು ಕುದುರೆ ಮೇಲಿಂದ ಬೀಳುವುದನ್ನು ನೋಡಲು ಅಕ್ಕಪಕ್ಕದ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರಂತೆ. ಒಂದು ಸಲ ಎಷ್ಟು ನಿಧಾನವಾಗಿ ಬಿದ್ದನೆಂದರೆ, ನಡುದಾರಿಯಲ್ಲಿ ಬೀಡಿ ಹಚ್ಚಿ ಸೇದಿ, ನೆಲ ಬರುವ ಹೊತ್ತಿಗೆ ಮೋಟು ಎಸೆದಿದ್ದ. ಬೀಡಿಯ ಮಾತು ಸುಳ್ಳಿರಬಹುದು, ಬಿದ್ದದ್ದು ಸುಳ್ಳಲ್ಲ. ಶೂಟಿಂಗಿಗೆ ಕುದುರೆ ಹುಡುಕಿಕೊಂಡು ಬಂದ ಫೈಟ್ ಮಾಸ್ಟರು ಕುದುರೆಯನ್ನು ಇಲ್ಲೇ ಬಿಟ್ಟು ಇವನನ್ನು ಕರೆದುಕೊಂಡು ಹೋದ.

ಆಮೇಲೆ ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಉಳಿದ ದಿನ ಜಮಾಲುನ್ನೀಸಾಗೆ ಗಂಡ ಸಿಗುತ್ತಿದ್ದದ್ದು ಟೆಂಟಿನಲ್ಲಿ, ಅದೂ ಬೆನ್ನು ಮಾತ್ರ.

ಪಕ್ಕದ ಮನೆಯ ಗಂಗಾಂಬಿಕೆ, ಹಣೆ ತುಂಬ ವಿಭೂತಿ ಇಟ್ಟುಕೊಂಡೇ ಸಿನಿಮಾಕ್ಕೆ ಬರುವಾಕೆ, ಕೇಳುತ್ತಿದ್ದಳು: “ಬೆನ್ನು ನೋಡಿ ಅದೆಂಗೇ ಗುರ್ತು ಹಿಡೀತೀಯ? ಎಲ್ಲಾವೂ ಮೂಟೆ ಬಿದ್ದಂಗೆ ಬೀಳ್ತಾವೆ.”

“ಮೂಟೆ ತರ ಬೀಳೋವ್ರು ಬೇರೆ ಅಕ್ಕಾ. ಹೀರೋ ಕೈ ಬರೀ ಗಾಳೀಲಿ ಹೋಗುತ್ತೆ, ಯಾರ್ಗೂ ತಗ್ಲಲ್ಲ. ನಮ್ಮವ್ರು ಏಟು ಬಂದ್ಮೇಲೆ ಒಂದ್ ಗಳಿಗೆ ನಿಂತ್ಕೋತಾರೆ, ಬೀಳ್ಲಾ ಬ್ಯಾಡ್ವಾ ಅಂತ ಯೋಚ್ನೆ ಮಾಡ್ದಂಗೆ. ಆಮೇಲೆ ಮೊಣಕಾಲು ಬುಡ್ತಾರೆ. ಏಟಿಗೆ ತೂಕ ಬರೋದು ಆವಾಗ್ಲೇ.”

“ಹಂಗಾರೆ ಆ ಹೀರೋಗ್ಯಾಕೆ ಅಷ್ಟು ದುಡ್ಡು?”

“ಮುಖ ತೋರ್ಸೋದಕ್ಕೆ.”

ಬಕ್ರೀದಿಗೆ ಮನ್ಸೂರ್ ಬಂದಾಗ ಆಕೆ ಕೇಳಿಯೇಬಿಟ್ಟಳು. ಗಂಡ ಹೆಂಡತಿ ಆಡಿದ್ದು ಉರ್ದು, ನಮ್ಮ ಅನುಕೂಲಕ್ಕೆ ಕನ್ನಡ. “ಒಂದ್ಸಲ ಮುಖ ತೋರ್ಸ್ರೀ. ಬೆನ್ನಿನ ಜೊತೆ ಎಷ್ಟು ದಿನ ಸಂಸಾರ ಮಾಡ್ಲಿ?”

“ಮುಖ ಕಂಡ್ರೆ ಕೆಲ್ಸ ಕೆಟ್ಟೋಯ್ತು ಕಣೇ. ಸಂತೇಲಿ ಸತ್ತೋನೂ ನಾನೇ, ಮೀಸೆ ಅಂಟಿಸ್ಕೊಂಡು ಗೋಡೌನಲ್ಲಿ ಸಾಯೋನೂ ನಾನೇ. ಗುರ್ತು ಸಿಕ್ರೆ ಜನ, ಇವನ್ನ ಆಗ್ಲೇ ಹೂತಾಯ್ತಲ್ಲ ಅಂತಾರೆ.”

ಆಕೆ ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನಿಗೆ ನಾಟಿರಬೇಕು.

ಮುಂದಿನ ಸಿನಿಮಾ ತುಮಕೂರು, ಗುಬ್ಬಿ ಎಲ್ಲಾ ಸುತ್ತಿ, ಮೈಯೆಲ್ಲಾ ಗೀರು ಬಿದ್ದ ರೀಲಾಗಿ ಕುಣಿಗಲ್ಲಿಗೆ ಬಂತು. ಸಂತೆಯ ಹೊಡೆದಾಟ. ತರಕಾರಿ ಗಾಡಿಯ ಮರೆಯಿಂದ ಬಂದ ರೌಡಿಯೊಬ್ಬ ತಟ್ಟನೆ ತಿರುಗಿ, ಟೆಂಟಿನೊಳಗೆ ಯಾರನ್ನೋ ಹುಡುಕುವವನಂತೆ ನೇರ ನೋಡಿದ. ಮನ್ಸೂರನೇ. ನೋಡುವ ಭರದಲ್ಲಿ ಪಕ್ಕದಲ್ಲಿ ಹೀರೋ ಇರುವುದನ್ನೇ ಮರೆತ. ನೆನಪಾದಾಗ ಗಾಬರಿಬಿದ್ದು, ಮುಷ್ಟಿ ಇನ್ನೂ ಮೊಳದಷ್ಟು ದೂರ ಇರುವಾಗಲೇ ಧೊಪ್ಪನೆ ಬಿದ್ದ.

“ಗಾಳಿಗೇ ಬಿದ್ನಲ್ರಲಾ, ಹಿಟ್ಟು ಹಾಕಿಲ್ವೇನ್ಲಾ ಅವ್ನಿಗೆ?” ಎಂದು ನೆಲದಲ್ಲಿ ಕೂತಿದ್ದ ಯಾರೋ ಕೂಗಿದರು. ಟೆಂಟಿಗೆ ಟೆಂಟೇ ನಕ್ಕಿತು. ಆ ನಗುವಿಗೆ ಟೆಂಟಿನ ಗೂಟ ಕಿತ್ತುಬಂದವು ಎನ್ನುವವರೂ ಇದ್ದಾರೆ.

“ಕೆಡಿಸ್ಬುಟ್ಟ ಕಣೇ ನಿನ್ ಗಂಡ,” ಎಂದಳು ಗಂಗಾಂಬಿಕೆ.

“ಹೂಂ ಅಕ್ಕಾ, ಕೆಡಿಸ್ಬುಟ್ರು.”

ಹಾಗೆಂದರೂ ಕಣ್ಣನ್ನು ಪರದೆಯಿಂದ ಕೀಳಲಿಲ್ಲ. ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಆ ಸಿನಿಮಾ ಊರು ಬಿಡುವವರೆಗೂ ಆಕೆ ದಿನಾ ಮೊದಲನೇ ಆಟಕ್ಕೆ ಹೋದಳು. ಅಷ್ಟು ಕೆಟ್ಟ ಫೈಟನ್ನು ಅಷ್ಟು ಆಸೆಯಿಂದ ನೋಡಿದವರು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ರಂಜಾನಿಗೆ ಮನ್ಸೂರ್ ಬಂದ. ಊಟಕ್ಕೆ ಕೂತಾಗಲೂ ತಲೆಯ ಟೋಪಿ ತೆಗೆಯಲಿಲ್ಲ. “ಮತ್ತೆ ತೆಗ್ಯೋಕೆ ರೀಲಿರ್ಲಿಲ್ಲ, ಮಾಸ್ಟ್ರು ಉಗಿದ್ರು. ಇನ್ನೊಂದ್ಸಲ ಕ್ಯಾಮೆರಾ ನೋಡುದ್ರೆ ಕರೆಯೋದೇ ಇಲ್ಲ ಅಂದ್ರು. ಆದ್ರೂ ನೀನ್ ಹೇಳು. ತೋರ್ಸು ಅಂದ್ರೆ ತೋರ್ಸ್ತೀನಿ.”

ಆಕೆ ಇನ್ನೊಂದು ಸೌಟು ಶಾವಿಗೆ ಬಡಿಸಿದಳು. ತೋರಿಸಿ ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಟೆಂಟಿನ ನಗು ಮಾತ್ರ ಇನ್ನೂ ಕಿವಿ ಬಿಟ್ಟು ಹೋಗಿರಲಿಲ್ಲ.

“ಬ್ಯಾಡ. ಬೆನ್ನೇ ಇರ್ಲಿ. ನಿಮ್ಮನ್ನ ನೋಡಿ ಜನ ನಗೋದು ಬ್ಯಾಡ ನಂಗೆ. ಚೆನ್ನಾಗಿ ಬೀಳಿ.”

ಚೆನ್ನಾಗಿಯೇ ಬಿದ್ದ. ಆಮೇಲೆ ಬಂದ ಸಿನಿಮಾದಲ್ಲಿ ಮಹಡಿ ಮೆಟ್ಟಿಲ ಮೇಲೆ ಹೀರೋ ಬೀಸಿದ. ಇವನು ನಿಂತ. ಬೀಡಿ ಸೇದುವವರೂ ಅಳುವ ಕೂಸುಗಳೂ ಸೇರಿ ಇಡೀ ಟೆಂಟು ಉಸಿರು ಹಿಡಿದು ಅವನ ಜೊತೆ ನಿಂತಿತು. ಮೊಣಕಾಲು ಬಿಟ್ಟು ಉರುಳತೊಡಗಿದಾಗ ಗಂಗಾಂಬಿಕೆ “ಅಯ್ಯೋ ಶಿವನೇ” ಎಂದು ಪಕ್ಕದವಳ ಕೈ ಹಿಡಿದುಕೊಂಡಳು.

ಜಮಾಲುನ್ನೀಸಾಗೆ ಏಟೂ ಕಾಣಲಿಲ್ಲ, ಮೆಟ್ಟಿಲೂ ಕಾಣಲಿಲ್ಲ. ಉರುಳುವಾಗ ಒಂದು ಕ್ಷಣ ಅವನ ನೆತ್ತಿ ಕಂಡಿತು. ಅಲ್ಲಿ ಕೂದಲು ತೆಳ್ಳಗಾಗಿತ್ತು. ಮನೆಗೆ ಬಂದಾಗ ಟೋಪಿ ತೆಗೆಯದೆ ಇದ್ದದ್ದು ಇದಕ್ಕೇ.

“ಏನ್ ಬಿದ್ದ ಅಂತೀಯ,” ಗಂಗಾಂಬಿಕೆ ಇನ್ನೂ ಕೈ ಬಿಟ್ಟಿರಲಿಲ್ಲ.

“ಅಕ್ಕಾ,” ಎಂದಳು ಜಮಾಲುನ್ನೀಸಾ, “ಮದ್ರಾಸಲ್ಲಿ ಹರಳೆಣ್ಣೆ ಸಿಕ್ಕುತ್ತಾ?”