ನೋಯದ ಕೈ

ಸರಸಮ್ಮ ಮರಳವಾಡಿಯಿಂದ ಮದುವೆಯಾಗಿ ರಾಮನಗರಕ್ಕೆ ಬಂದವಳು. ಬಂದ ವರ್ಷದಿಂದಲೇ ಅಮೀರ್ ಸಾಹೇಬರ ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದಳು. ಬಿಸಿನೀರಲ್ಲಿ ಬೆಂದ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ಚುರುಕ್ಕೆಂದ ಕೂಡಲೇ ಪಕ್ಕದ ತಣ್ಣೀರಿನ ಬಟ್ಟಲಿಗೆ ಕೈ ಅದ್ದಬೇಕು. ಪಕ್ಕದ ಮನೆಯ ನಾನು ಕಂಡಂತೆ, ನಮ್ಮ ಬೀದಿಯಲ್ಲಿ ಅಷ್ಟು ಬಾಯಿ ಜೋರಿನ, ಅಷ್ಟು ಗಟ್ಟಿ ಹೆಂಗಸು ಇನ್ನೊಬ್ಬಳಿರಲಿಲ್ಲ.

ಗೂಡಿನ ಬೆಲೆ ಗಗನಕ್ಕೇರಿದ ವರ್ಷ ಅವಳ ಬಲ ಮೊಣಕೈಯ ಒಳಮಗ್ಗುಲಲ್ಲಿ ಗಂಟೊಂದು ಬೆಳೆದು ನರ ಒತ್ತತೊಡಗಿತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೆಗೆದರು. ಅಲ್ಲಿ ಹೊಸ ಇಂಜೆಕ್ಷನ್ ಒಂದನ್ನು ಪರೀಕ್ಷಿಸುತ್ತಿದ್ದರು. ಮರಗಟ್ಟಿಸುವ ಮದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣಗಳಲ್ಲಿ ತುಂಬಿ ನರದ ಬಳಿ ಚುಚ್ಚುತ್ತಾರೆ. ಕಣಗಳು ಕರಗುತ್ತ ಮದ್ದು ನಿಧಾನವಾಗಿ ಜಿನುಗುವುದರಿಂದ ದಿನಗಟ್ಟಲೆ ನೋವು ತಿಳಿಯುವುದಿಲ್ಲವಂತೆ. ಸರಸಮ್ಮ ಒಪ್ಪಿದಳು. ಮನೆಗೆ ಕಳಿಸುವಾಗ ನರ್ಸ್ ಎಲ್ಲರಿಗೂ ಹೇಳುವುದನ್ನೇ ಹೇಳಿದಳು: ನೋವು ಪೂರ್ತಿ ಹೋದ ಮೇಲೆ ಕೆಲಸಕ್ಕೆ ಹೋಗಿ. ನೋವೇ ಗೊತ್ತಾಗದಂತೆ ಸೂಜಿ ಚುಚ್ಚಿ ಕಳಿಸುವಾಗ ಹೇಳುವ ಮಾತೇ ಇದು? ಬಿಸಿ ಮುಟ್ಟಬೇಡ ಎನ್ನಲು ಒಬ್ಬರಿಗೂ ಪುರುಸೊತ್ತಿರಲಿಲ್ಲ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಮರುದಿನ ನೋವಿಲ್ಲ. ಅವಳು ಫಿಲೇಚರ್‌ಗೆ ಹೊರಟೇಬಿಟ್ಟಳು. ಗಂಡ ಮಂಚಯ್ಯ ಬೇಡವೆಂದ. ಅಮೀರ್ ಸಾಹೇಬರೂ ಮನೆಗೆ ಹೋಗಮ್ಮ ಎಂದರು. ಆದರೆ ಗೂಡು ರಾಶಿ ಬಿದ್ದಿತ್ತು. ತಡವಾದರೆ ಚಿಟ್ಟೆ ಗೂಡು ಕೊರೆದು ನೂಲು ಹಾಳು.

"ಯೋಸ್ ವರ್ಸ ಆಗಿತ್ತು ಸಾಬ್ರೇ, ಕೈ ನೋಯ್ದಂಗೆ ಇದ್ದು. ಇವತ್ತು ಬುಟ್ಬುಡಿ ನನ್ನ," ಎಂದು ಒಲೆಯ ಮುಂದೆ ಕುಳಿತಳು.

ಎಳೆಯ ತುದಿಯನ್ನು ಕಣ್ಣಲ್ಲೇ ನೋಡಿ ಹಿಡಿದಳು. ತಣ್ಣೀರಿನ ಬಟ್ಟಲನ್ನು ಮುಟ್ಟಲೇ ಇಲ್ಲ. ಇಂದು ಕೈ ಓಡುತ್ತಿದೆ ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ನಗುತ್ತಿದ್ದಳಂತೆ. ಮಧ್ಯಾಹ್ನ ಅಮೀರ್ ಸಾಹೇಬರು ಬಂದು ನೋಡಿದರೆ ಬೆರಳಿನ ಚರ್ಮ ಸುಲಿದು ನೀರಲ್ಲಿ ತೇಲುತ್ತಿತ್ತು. ಅವರು ಕೂಗಿ ಕೈ ಎಳೆದರು. ಯಾಕೆಂದು ತಿಳಿಯದೆ ಸರಸಮ್ಮ ಅವರ ಮುಖವನ್ನೇ ನೋಡಿದಳು.

ಗಾಯ ಕೀವಾಯಿತು. ತೋರುಬೆರಳು, ನಡುಬೆರಳು ಕತ್ತರಿಸಬೇಕಾಯಿತು. ತುದಿ ಹಿಡಿಯುವ ಬೆರಳುಗಳೇ ಹೋದ ಮೇಲೆ ನೂಲು ತೆಗೆಯುವುದೆಲ್ಲಿ ಬಂತು? ಗೂಡು ಆರಿಸುವ ಕೆಲಸಕ್ಕೆ ಕರೆದರೂ ಅವಳು ಹೋಗಲಿಲ್ಲ. ಈಗ ಜಗಲಿಯಲ್ಲಿ ಕುಳಿತು, ಆ ಎರಡು ಬೆರಳು ಬಿಸಿನೀರಲ್ಲಿಟ್ಟಂತೆ ಉರಿಯುತ್ತವೆ ಎಂದು ನರಳುತ್ತಾಳೆ. ಬೆರಳು ಕಳೆದುಕೊಂಡವರಿಗೆ ಹೀಗಾಗುವುದುಂಟು ಎಂದರಂತೆ ಡಾಕ್ಟರು.

ನೋಡಲಾರದೆ ಒಮ್ಮೆ, ಆ ಇಂಜೆಕ್ಷನ್ನೇ ಮತ್ತೆ ಹಾಕಿಸಬಾರದೇ ಎಂದು ಕೇಳಿದೆ.

"ಇಲ್ದಿರೋ ಬೆರಳ್ಗೆ ಎಲ್ಲಿ ಚುಚ್ಚುಸ್ಲಿ, ಯೋಳಣ್ಣ," ಎಂದಳು.