ಎರವಲು ಕುದುರೆಯ ಅಕ್ಕ

ಭಾನುವಾರ, ಬೆಳಗ್ಗೆ ಆರೂ ಹತ್ತು. ಮುಂಬಯಿಯ ಸಯನ್‌ನ ಹೋಟೆಲೊಂದರ ಗಲ್ಲಾಪೆಟ್ಟಿಗೆಯೆದುರು ಕೂರುತ್ತಿದ್ದ, ನಾನು ಅಕ್ಕ ಎಂದೇ ಕರೆಯುತ್ತಿದ್ದವರ ಬಗ್ಗೆ ಬರೆಯಲು ಕುಳಿತಿದ್ದೇನೆ.

ನಾವಿಬ್ಬರೂ ಒಂದೇ ಕ್ಲಬ್ಬಿನಲ್ಲಿ ಕುದುರೆ ಜಿಗಿಸಲು ಕಲಿತವರು. ಇಬ್ಬರಿಗೂ ಸ್ವಂತ ಕುದುರೆ ಇರಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ ಅಕ್ಕ ಕೈಗವಸಿನ ಪಟ್ಟಿ ಬಿಗಿಯುತ್ತ, "ಇಲ್ಲದಿದ್ರೆ ಎಂತ ಈಗ?" ಎನ್ನುತ್ತಿದ್ದರು. ನನ್ನ ಡೈರಿಯಲ್ಲಿ ಆ ಮಾತು ನಲವತ್ತೊಂದು ಸಲ ಇದೆ.

ಒಮ್ಮೆ ವಿದೇಶದ ಪಂದ್ಯಕ್ಕೆ ಹೋದೆವು. ಅಲ್ಲಿ ಆತಿಥೇಯರ ಕುದುರೆಗಳನ್ನೇ ಚೀಟಿ ಎತ್ತಿ ಹಂಚುತ್ತಾರೆ; ಅಭ್ಯಾಸಕ್ಕೆ ಆರೇ ಜಿಗಿತ. ಅಕ್ಕನಿಗೆ ಬಂದದ್ದು ತಡೆಯೆದುರು ನಿಂತುಬಿಡುವ ಕಂದು ಹೆಣ್ಣುಕುದುರೆ. ಎರಡು ಸಲ ನಿಂತರೆ ಸವಾರರು ಪಂದ್ಯದಿಂದ ಹೊರಗೆ.

ಅಭ್ಯಾಸದಲ್ಲಿ ಅಕ್ಕ ಒಮ್ಮೆಯೂ ಜಿಗಿಸಲಿಲ್ಲ. ಲಗಾಮು ಸಡಿಲಿಸಿ, ಒಂದೊಂದು ತಡೆಯನ್ನೂ ಕುದುರೆಗೆ ಮೂಸಲು ಬಿಟ್ಟು ಸಮಯ ಮುಗಿಸಿದರು.

"ಹುಚ್ಚ ಹಿಡದೈತೇನವಾ? ಆರೂ ಜಿಗಿತ ದಂಡ ಮಾಡಿದಿ!" ಬೆಳಗಾವಿಯ ನಮ್ಮ ಕೋಚ್ ಕೂಗಿದರು.

"ಜಿಗಿಯೂದು ಅದಕ್ಕೆ ಗೊತ್ತುಂಟು ಸರ್. ನನ್ನ ಗುರ್ತ ಇಲ್ಲ, ಅಷ್ಟೇ."

ಪಂದ್ಯದಲ್ಲಿ ನಾಲ್ಕನೇ ತಡೆಯೆದುರು ಕುದುರೆ ನಿಂತೇಬಿಟ್ಟಿತು. ಅಕ್ಕ ಚಾವಟಿ ಎತ್ತಲಿಲ್ಲ. ಕುತ್ತಿಗೆ ತಟ್ಟಿ, ಒಂದು ಸುತ್ತು ತಿರುಗಿಸಿ ಮತ್ತೆ ತಂದರು. ಹಾರಿತು. ಉಳಿದ ಎಂಟನ್ನೂ ಹಾರಿತು.

"ಇನ್ನೊಮ್ಮೆ ನಿಂತಿದ್ರ ಏನ್ ಮಾಡ್ತಿದ್ದಿ?" ಕೋಚ್ ಇನ್ನೂ ಸಿಟ್ಟಿನಲ್ಲಿದ್ದರು.

"ಹೊರಗೆ ಹೋಗ್ತಿದ್ದೆ. ಹೊಡೀಲಿಕ್ಕೆ ಅದೆಂತ ನನ್ನ ಕುದುರೆಯಾ? ನನ್ನದಾಗಿದ್ರೂ ಹೊಡೀತಿರಲಿಲ್ಲ."

ಆಮೇಲೆ ಹೋಟೆಲು ಕೈ ಬದಲಾಯಿತು, ಅಕ್ಕ ಕಾಣಲಿಲ್ಲ. ಈಗ ಅವರು ಯಾರ ಕುದುರೆ ಏರುತ್ತಿದ್ದಾರೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ.