ಸೋಮವಾರದ ರಕ್ತ

೧೯೮೮ರಲ್ಲಿ, ಏಳನೆಯ ತರಗತಿಯ ನಡುವೆ, ನನ್ನ ಓದು ನಿಂತಿತು. ಆಮೇಲೆ ಕಲಿತದ್ದೆಲ್ಲ ಒಲೆಯ ಮುಂದೆ. ಉತ್ತರದ ಈ ಊರಿನ ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನನ್ನ ದೋಸೆಯಂಗಡಿ ಇದೆ. ನಾನೇ ದುಡಿದು ಕಟ್ಟಿದ್ದು, ಯಾರ ಹಂಗೂ ಇಲ್ಲ.

ಭಾನುವಾರ ಅಲ್ಲಿಗೆ ಬರುವ ಧಾರವಾಡದ ಹುಡುಗಿಯೊಬ್ಬಳು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಒಮ್ಮೆ ಬಿಸ್ಕತ್ತಿನಷ್ಟು ಅಗಲದ ಪಾರದರ್ಶಕ ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಕೂದಲೆಳೆಯಂಥ ಕಾಲುವೆ, ಜಿಲೇಬಿಯ ಹಾಗೆ ಸುತ್ತಿಕೊಂಡಿತ್ತು. ಒಂದು ತುದಿಗೆ ರಕ್ತ ಬಿಟ್ಟರೆ ಇನ್ನೊಂದು ತುದಿಯಲ್ಲಿ ಬಿಳಿ ಕಣ, ಕೆಂಪು ಕಣ ಬೇರೆ ಬೇರೆ ಬಾಯಿಂದ ಹೊರಬರುತ್ತವಂತೆ.

“ಜರಡಿ ಎಲ್ಲಿದೆ?” ಎಂದೆ.

“ಜರಡಿ ಇಲ್ರಿ ಅಣ್ಣಾರ. ಜರಡ್ಯಾಗ ತುರುಕಿದ್ರ ಕಣ ಒಡದು ಸಾಯ್ತಾವ. ತಿರುವಿನ್ಯಾಗ ಓಡೂಮುಂದ ದೊಡ್ಡ ಬಿಳೀವು ಒಳದಂಡಿ ಹಿಡೀತಾವ, ಸಣ್ಣ ಕೆಂಪುವು ಹೊರದಂಡಿಗೆ ಸರೀತಾವ.”

ಆ ವಾರವೆಲ್ಲ ನನಗೆ ಅದೇ ಗುಂಗು. ಮುಟ್ಟದೆ ಆರಿಸುವುದೆಂದರೇನು? ಉದ್ದಿನಬೇಳೆಯ ಕಲ್ಲು ಹಾಗೆ ತಾನಾಗಿ ಸರಿದೀತೇ?

ಮುಂದಿನ ಸೋಮವಾರ ಪರೀಕ್ಷಕರು ಬರುವವರಿದ್ದರು. ಬೇರ್ಪಟ್ಟ ಬಿಳಿ ಕಣಗಳು ಜೀವಂತವಾಗಿವೆ ಎಂದು ಅವರ ಕಣ್ಣೆದುರೇ ತೋರಿಸಬೇಕು. ಆಗದಿದ್ದರೆ ಕೆಲಸ ಅಲ್ಲಿಗೇ ಮುಗಿದು ಅವಳು ಊರಿಗೆ ಹೊರಡಬೇಕು. ಆಗಷ್ಟೇ ತೆಗೆದ ರಕ್ತ ಬೇಕೆಂದಾಗ “ನನ್ನದು ತಗೋ” ಎಂದೆ. ಕೊಡುವುದು ಗಟ್ಟಿಯಾಗಿರಲೆಂದು ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ತುಪ್ಪದ ದೋಸೆ ತಿಂದೆ. ಸೂಜಿ ಕಂಡು ನಾನು ಬಿದ್ದೇನೆಂದು ಹೆಂಡತಿಯೂ ಹೊರಟಳು. ಸೋನಾರ್‌ಪುರದಲ್ಲಿ ಇ-ರಿಕ್ಷಾ ಹಿಡಿದೆವು.

ಪ್ರಯೋಗಾಲಯದಲ್ಲಿ ತೆಗೆದ ನನ್ನ ರಕ್ತ ಸ್ವಲ್ಪ ಹೊತ್ತು ಕೂತ ಮೇಲೆ ನಳಿಕೆಯಲ್ಲಿ ತಿಳಿ ಮೇಲೆ ಬರಬೇಕಿತ್ತು. ಬಂದದ್ದು ಮಜ್ಜಿಗೆಯಂಥ ಬಿಳುಪು.

“ಅಣ್ಣಾರ, ಮುಂಜಾನೆ ಏನ್ ತಿಂದೀರಿ?”

ಹೇಳಿದೆ.

“ಅಯ್ಯ ಶಿವನೇ! ಇದು ಬರೇ ಜಿಡ್ಡು. ಕ್ಯಾಮೆರಾಕ್ಕ ಮಂಜು ಕವಿದಂಗ ಆಗ್ತದ, ಕಣ ಕಾಣಂಗಿಲ್ಲ.” ಅವಳ ಕಣ್ಣು ಗಡಿಯಾರದ ಮೇಲೆ.

“ರಕ್ತ ಕೊಡಕ್ಕೆ ಬಂದ್ರೋ, ಬಾರಾತಿನ ಮದುವೆ ಊಟಕ್ಕೆ ಬಂದ್ರೋ!” ಎಂದು ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ತೋಳು ಚಾಚಿದಳು. “ನಂದು ತಗೋ ಬೇಟಿ. ಇವತ್ತು ಸೋಮವಾರ, ನೀರು ಬಿಟ್ಟು ಏನೂ ಮುಟ್ಟಿಲ್ಲ.”

“ಉಪವಾಸ ಇದ್ದೀರಿ ಅಕ್ಕಾರ, ತಲಿ ತಿರುಗೀತು.”

“ಒಂದು ಚಮಚಕ್ಕೆ ಏನಾಗತ್ತೆ? ಇವರ ಜೊತೆ ಇಷ್ಟು ವರ್ಷ ಇದ್ದು ತಿರುಗದ ತಲೆ!”

ಅವಳ ರಕ್ತದ ತಿಳಿ ಗಾಜಿನ ಹಾಗಿತ್ತು. ಪರೀಕ್ಷಕರು ಬಂದು ಕೂತರು. ನಾವು ಬಾಗಿಲ ಬಳಿ ನಿಂತೆವು. ಪರದೆಯ ಮೇಲೆ ಒಂದೇ ಗುಂಪಾಗಿ ನುಗ್ಗಿ ಬಂದ ಕಣಗಳು ಸುತ್ತು ಸುತ್ತುತ್ತ, ಯಾರೂ ತಳ್ಳದೆ, ಎರಡು ಸಾಲಾದವು. ಹೊರಬಂದ ಬಿಳಿ ಕಣಗಳಿಗೆ ಹುಡುಗಿ ಬಣ್ಣ ಹಾಕಿದಳು: ಬದುಕಿದ್ದರೆ ಹಸಿರು, ಸತ್ತಿದ್ದರೆ ಕೆಂಪು. ಪರದೆ ತುಂಬ ಹಸಿರು ಚುಕ್ಕೆ. ಕೆಂಪು ಹುಡುಕಿದರೆ ಸಿಗುವಷ್ಟು.

“ಇವೆಲ್ಲ ನನ್ನವಾ?” ಎಂದು ಹೆಂಡತಿ ಪಿಸುಗುಟ್ಟಿದಳು.

“ನಿನ್ನವೇ” ಎಂದೆ.

ಹುಡುಗಿ ಊರಿಗೆ ಹೋಗಲಿಲ್ಲ. ಈಗ ನನಗಿರುವುದು ಒಂದು ಅಂಗಡಿ, ಎರಡು ಒಲೆ, ಆರು ಮೇಜು, ಭಾನುವಾರಕ್ಕೆ ಕನ್ನಡದ ಗಿರಾಕಿ ಒಬ್ಬಳು, ಸೋಮವಾರ ನನ್ನ ದೋಸೆ ಮುಟ್ಟದ ಹೆಂಡತಿ ಒಬ್ಬಳು.